ಹಲ್ಲುಮಾಮ ಬಿಸಿಲಿಗಿಟ್ಟ ಪೆಟ್ಟಿಗೆ

ಕಟ್ಟು ಹಲ್ಲು ಮಾಡುವ ಕೆಲಸದಿಂದ ನಿವೃತ್ತನಾದ ಮನುಷ್ಯ ಮನೆಯಲ್ಲಿ ಏನು ಮಾಡಬೇಕು? ಹೆಂಡತಿಯ ಪ್ರಕಾರ ತೆಪ್ಪಗೆ ಕೂರಬೇಕು. ಆದರೆ ಹಲ್ಲುಮಾಮನ ಕೈ ತೆಪ್ಪಗೆ ಕೂರುವ ಜಾಯಮಾನದ್ದಲ್ಲ. ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು, ಮುಖವನ್ನೇ ಕಾಣದ ಜನರಿಗೆ ಜೀವಮಾನವಿಡೀ ನಗು ಮಾಡಿಕೊಟ್ಟ ಕೈ ಅದು. ಈಗ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳ ಬೆನ್ನು ಹತ್ತಿತ್ತು. ಟಿವಿಗೆ ಜೋಡಿಸಿ, ಮೇಲಿನ ಸೀಳಿಗೆ ಕ್ಯಾಸೆಟ್ ಹಾಕಿ ಆಡುತ್ತಿದ್ದ ಬೂದುಬಣ್ಣದ ಪೆಟ್ಟಿಗೆಗಳವು. ವಯಸ್ಸಾದಂತೆ ಅವುಗಳ ಪ್ಲಾಸ್ಟಿಕ್ ಮೈ ಹಳದಿಗೆ ತಿರುಗುತ್ತದೆ. ಮಾಮ ಅವನ್ನು ಬಿಚ್ಚಿ, ತೊಳೆದು, ಹುಟ್ಟಿದಾಗಿನ ಬಣ್ಣಕ್ಕೆ ತರುತ್ತಿದ್ದ.

“ಮನುಷ್ಯರ ಹಲ್ಲು ಮುಗೀತು, ಈಗ ಡಬ್ಬಗಳಿಗೆ ಹಲ್ಲುಜ್ಜಿಸ್ತಿದಾರೆ,” ಎಂದು ಹೆಂಡತಿ ಎದುರುಮನೆಯ ದರ್ಜಿಗೆ ಹೇಳುತ್ತಿದ್ದಳು. ಗಂಡನಿಗೂ ಕೇಳಲಿ ಎಂದೇ ದನಿ ಏರಿಸುತ್ತಿದ್ದಳು. ಮಾತೇನೂ ಸುಳ್ಳಲ್ಲ. ಮಾಮ ಉಜ್ಜುತ್ತಿದ್ದುದು ಹಲ್ಲುಜ್ಜುವ ಬ್ರಷ್ಷಿನಿಂದಲೇ.

ಒಂದು ಬೆಳಿಗ್ಗೆ ಬಸ್ ಕಂಡಕ್ಟರಮ್ಮ ಬಂದಳು. ಬಸ್ಸಿನಲ್ಲಿ ಅವಳು ‘ಮುಂದೆ ಹೋಗ್ರೀ’ ಎಂದರೆ ನಿದ್ದೆಯಲ್ಲಿದ್ದವರೂ ಮುಂದೆ ಹೋಗುತ್ತಾರೆ. ಇಲ್ಲಿ ಮಾತ್ರ ಎದೆಗೆ ಗಂಟೊಂದನ್ನು ಅವಚಿಕೊಂಡು ಪಿಸುಗುಟ್ಟಿದಳು.

“ಮಾಮ, ಭಾನುವಾರ ಅಣ್ಣ ಬರ್ತಿದಾನೆ. ಇದು ಅವನದು. ಬಟ್ಟೆ ಸುತ್ತಿ ಬೀರುವಲ್ಲೇ ಇಟ್ಟಿದ್ದೆ, ಆದ್ರೂ ಹೀಗೆ ಹಳದಿ ಆಗಿದೆ. ಅವನು ಏನಂತಾನೆ ಅಂತ ನಂಗೊತ್ತು. ‘ನೀನು ಮುಟ್ಟಿದ್ದೆಲ್ಲ ಹಾಳು’ ಅಂತಾನೆ.”

ಮಾತಿನ ಬೇರು ಆ ಪೆಟ್ಟಿಗೆಯಲ್ಲೇ ಇತ್ತು. ಅವಳಿಗಾಗ ಆರು ವರ್ಷ, ಅಣ್ಣನಿಗೆ ಹನ್ನೆರಡು. ಪೆಟ್ಟಿಗೆ ಮನೆಗೆ ಬಂದ ಕೆಲವೇ ದಿನಕ್ಕೆ ಕ್ಯಾಸೆಟ್ ಕೂರದೆ ಆಟ ನಿಂತುಹೋಯಿತು. ಪುಟ್ಟಿ ಒಳಗೆ ಏನೋ ತುರುಕಿದ್ದಾಳೆ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದರು. ಅದರ ವಿಚಿತ್ರ ಸ್ಕ್ರೂ ಬಿಚ್ಚುವ ಸಾಮಾನು ಯಾರ ಹತ್ತಿರವೂ ಇರಲಿಲ್ಲ. ಅಲ್ಲಿಂದಾಚೆ ಲೋಟ ಒಡೆದರೂ ಅದೇ ಮಾತು, ಅವಳ ಮದುವೆಯ ಮಾತುಕತೆ ಮುರಿದಾಗಲೂ ಅದೇ ಮಾತು.

“ನನಗೆ ನೆನಪೇ ಇಲ್ಲ ಮಾಮ. ಆದ್ರೆ ಎಲ್ಲರೂ ಹೇಳಿದ್ಮೇಲೆ ತುರುಕಿರ್ಲೇಬೇಕಲ್ಲ?”

ಅವಳು ಹೋದ ಮೇಲೆ ಮಾಮ ಪೆಟ್ಟಿಗೆ ಬಿಚ್ಚಿದ. ಬೆಳಕೇ ಕಾಣದ ಮುಚ್ಚಳದ ಒಳಮೈ ಕೂಡ ಹಳದಿ. ಇದು ಪ್ಲಾಸ್ಟಿಕ್ಕಿನ ಗುಣ, ಇಟ್ಟುಕೊಂಡವರ ತಪ್ಪಲ್ಲ. ಆಮೇಲೆ ಬಾಯಿ ನೋಡುವ ಪುಟ್ಟ ಕನ್ನಡಿಯನ್ನು ಕ್ಯಾಸೆಟ್ ಕೂರುವ ಸಂದಿಗೆ ಇಳಿಸಿದ. ಅಲ್ಲೊಂದು ಬಿಳಿ ಚೂರು ಸಿಕ್ಕಿಕೊಂಡಿತ್ತು. ಇಕ್ಕಳದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.

ಹಾಲುಹಲ್ಲು. ಯಾವ ಹಲ್ಲು ಎಂಬುದು ಅವನಿಗೆ ನೋಡುತ್ತಲೇ ತಿಳಿಯಿತು. ತಿಳಿದದ್ದೇ ಕಷ್ಟಕ್ಕೆ ಬಂತು.

“ಹೇಳಿದ್ರೆ ಅಣ್ಣ ತಂಗಿ ಮಧ್ಯೆ ಬೆಂಕಿ ಹಚ್ಚಿದ ಹಾಗಾಗುತ್ತೆ,” ಎಂದಳು ಹೆಂಡತಿ, ಎಲ್ಲ ಕೇಳಿ. “ಹೇಳದಿದ್ರೆ…” ಎಂದವಳು ಒಳಗೆ ಹೋದಳು.

ಮಾಮ ಹಲ್ಲನ್ನು ಡಬ್ಬಿಯಲ್ಲಿಟ್ಟು ಕೆಲಸಕ್ಕೆ ತೊಡಗಿದ. ಕೂದಲಿನ ಬಣ್ಣ ಇಳಿಸಲು ಬ್ಯೂಟಿ ಪಾರ್ಲರಿನವರು ಬಳಸುವ ಪೆರಾಕ್ಸೈಡ್ ಕ್ರೀಮನ್ನು ಮುಚ್ಚಳಕ್ಕೆ ಬಳಿದು, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ತಾರಸಿಯ ಬಿಸಿಲಿಗಿಟ್ಟ. ಇನ್ನು ಕಾಯುವುದೇ ಕೆಲಸ. ಆಗಾಗ ತಿರುಗಿಸಬೇಕು, ಹಾಳೆ ಸವರಬೇಕು, ಕ್ರೀಮ್ ಒಣಗಲು ಬಿಡಬಾರದು. ಬಿಸಿಲು ಹಾಳೆಯ ಮೇಲೆ ಮಿನುಗುತ್ತಿತ್ತು. ಕೆಳಗೆ ದರ್ಜಿಯ ಯಂತ್ರ ನಿಂತು ನಿಂತು ಓಡುತ್ತಿತ್ತು. ಒಣಹಾಕಿದ ಬಿಳಿ ಸೀರೆಯೊಂದು ಗಾಳಿ ತುಂಬಿಕೊಂಡು ಉಬ್ಬಿತು, ಇಳಿಯಿತು. ಅದು ಇಳಿದಾಗ ಅದರ ಹಿಂದೆ ಜನ ನಿಂತಿದ್ದರು.

ಮೆಟ್ಟಿಲೇರಿ ಒಬ್ಬೊಬ್ಬರೇ ಬರುತ್ತಿದ್ದರು. ಮಾಮ ಅವರ ಮುಖಗಳನ್ನು ಎಂದೂ ಕಂಡಿರಲಿಲ್ಲ, ಆದರೆ ನಕ್ಕ ಕೂಡಲೇ ಗುರುತು ಹತ್ತಿತು. ಎಲ್ಲವೂ ತಾನು ಮಾಡಿದ ಹಲ್ಲುಗಳೇ! ನಗುವವರ ಸಾಲು ಸದ್ದಿಲ್ಲದೆ ಹಾದುಹೋಗಿ ಬೆಳಕಿನಲ್ಲಿ ಕರಗುತ್ತಿತ್ತು. ಎಲ್ಲರ ಕೊನೆಗೆ ಪುಟ್ಟ ಹುಡುಗಿಯೊಬ್ಬಳು ಬಾಯಿ ಬಿಗಿದು ನಿಂತಿದ್ದಳು. “ಎಲ್ಲಿ, ಆ ಅನ್ನು ನೋಡೋಣ,” ಎಂದ ಮಾಮ. ಅವಳು ತಲೆ ಅಲ್ಲಾಡಿಸಿದಳು. ನಕ್ಕರೆ ನಗುವೂ ಹಾಳಾದೀತೆಂದು ಹೆದರಿದ್ದಳು.

“ರೀ! ನಿಮ್ಮ ಡಬ್ಬ ಒಣಗಿ ಹಪ್ಪಳ ಆಗಿದೆ!”

ಮಾಮ ಧಡಕ್ಕನೆ ಎದ್ದ. ಹಾಳೆ ಸರಿದು, ಕ್ರೀಮ್ ಒಣಗಿ, ಮುಚ್ಚಳದ ಮೇಲೆ ಮೋಡದಂಥ ಬಿಳಿ ಪಟ್ಟೆಗಳು ಬಿದ್ದಿದ್ದವು. ಎಷ್ಟು ಉಜ್ಜಿದರೂ ಅವು ಜಪ್ಪಯ್ಯ ಅನ್ನಲಿಲ್ಲ.

ಭಾನುವಾರ ತಾರಸಿಗೆ ಕಂಡಕ್ಟರಮ್ಮ ಒಬ್ಬಳೇ ಬರಲಿಲ್ಲ. ವಿಷಯ ತಿಳಿದ ಅಣ್ಣನೂ ಹಿಂದೆಯೇ ಬಂದಿದ್ದ. ದಪ್ಪ ಕನ್ನಡಕದ, ನರೆಗೂದಲ ಮನುಷ್ಯ. ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ಪಟ್ಟೆಗಳ ಮೇಲೆ ಬೆರಳಾಡಿಸಿ ನಕ್ಕ.

“ಏನೇ ಇದು ಪುಟ್ಟಿ? ಅದಕ್ಕೇ ಅನ್ನೋದು, ನೀನು ಮುಟ್ಟಿದ್ದೆಲ್ಲ…”

“ಅದು ನನ್ನ ಕೆಲಸ,” ಎಂದ ಮಾಮ. “ಬಿಸಿಲಲ್ಲಿ ನಿದ್ದೆ ಹೊಡೆದೆ. ತಪ್ಪು ನಂದು, ನಿಮ್ಮ ತಂಗೀದಲ್ಲ.”

ಕಂಡಕ್ಟರಮ್ಮ ಬೆರಗಾಗಿ ಅವನತ್ತ ನೋಡಿದಳು. ಅವಳ ಕಣ್ಣೆದುರು ಯಾರೂ ಹಾಗೆ ಹೇಳಿದ್ದೇ ಇಲ್ಲವೇನೋ. ಆ ನೋಟ ನೋಡಿದ ಮೇಲೆ ಮಾಮನಿಗೆ ಸುಮ್ಮನಿರಲು ಆಗಲಿಲ್ಲ. ಡಬ್ಬಿ ತೆಗೆದು ಹಲ್ಲನ್ನು ಅವಳ ಅಂಗೈಗೆ ಹಾಕಿದ.

“ಒಳಗೆ ಸಿಕ್ಕಿಕೊಂಡಿತ್ತಮ್ಮ.”

ಅವಳ ಮುಖ ಇಳಿದುಹೋಯಿತು. “ಅಂದ್ರೆ ನಿಜವಾಗ್ಲೂ ನಾನೇ…”

“ಅಲ್ಲ ತಾಯಿ. ಆರು ವರ್ಷಕ್ಕೆ ಬೀಳೋದು ಮುಂದಿನ ಹಲ್ಲು. ಇದು ದವಡೆದು. ಬೀಳೋಕೆ ಹನ್ನೊಂದೋ ಹನ್ನೆರಡೋ ಆಗ್ಬೇಕು.”

ದರ್ಜಿಯ ಯಂತ್ರ ಓಡುತ್ತಲೇ ಇತ್ತು. ಅಣ್ಣನ ಕೆನ್ನೆ ಒಂದು ಕಡೆ ಮೆಲ್ಲಗೆ ಉಬ್ಬಿತು. ನಾಲಿಗೆ ತಾನಾಗಿಯೇ ಆ ಜಾಗ ಹುಡುಕಿಕೊಂಡು ಹೋಗಿತ್ತು.

“ಕ್ಲಾಸಲ್ಲಿ ಎಲ್ಲರ ಹಾಲುಹಲ್ಲೂ ಉದುರಿತ್ತು,” ಎಂದ ಕೊನೆಗೆ. “ನಂದೊಂದು ಉಳಿದಿತ್ತು. ಮಗು ಮಗು ಅಂತ ಆಡ್ಕೋತಿದ್ರು. ಬಿದ್ದಾಗ ಯಾರಿಗೂ ಕಾಣಬಾರ್ದು ಅಂತ ಅದ್ರೊಳಗೆ ಹಾಕ್ಬಿಟ್ಟೆ. ಆಟ ನಿಂತೋದಾಗ ಅಪ್ಪನ ಮುಖ ನೋಡಿ ಹೆದರಿದೆ. ನೀನು ಪಕ್ಕದಲ್ಲೇ ಕೂತಿದ್ದೆ.”

“ಆಮೇಲೆ?”

“ಆಮೇಲೆ ಎಲ್ಲರ ಜೊತೆ ನಾನೂ ಹೇಳ್ತಾ ಹೇಳ್ತಾ, ನಂಗೂ ಅದೇ ನಿಜ ಅನ್ನಿಸ್ಬಿಡ್ತು.”

ಕಂಡಕ್ಟರಮ್ಮ ಪೆಟ್ಟಿಗೆಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮಡಿಲಲ್ಲಿಟ್ಟುಕೊಂಡಳು. ಬಿಳಿ ಪಟ್ಟೆಗಳನ್ನೊಮ್ಮೆ ಸವರಿದಳು. ಅವಳ ಕಣ್ಣು ತುಂಬಿ ಬಂದಿತ್ತು. ಆದರೂ ಅಂದು ಮೊದಲ ಬಾರಿಗೆ ಮಾಮನ ಮನೆಯಲ್ಲಿ ತನ್ನ ಬಸ್ಸಿನ ದನಿ ತೆಗೆದಳು. ಕೆಳಗೆ ದರ್ಜಿ ಯಂತ್ರ ನಿಲ್ಲಿಸಿ ಮೇಲೆ ನೋಡಿದ.

“ಅಣ್ಣಾ, ನೀನು ಮುಟ್ಟಿದ್ದೆಲ್ಲ ಹಾಳು!”

ಹೇಳಿದವಳೇ ನಕ್ಕಳು. ಬಾಯಿ ತುಂಬ, ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು.

ಅಣ್ಣ ಕನ್ನಡಕ ತೆಗೆದ. “ಹೌದು ಪುಟ್ಟಿ,” ಎಂದ.