ಲಕ್ಷವನ್ನು ಹತ್ತು ಸಾವಿರ ಎಂದು ಓದಿದ್ದು

ಸೊಸೆ ಬಿ.ಎ. ಓದಿದವಳು ಎಂಬ ಹೆಮ್ಮೆ ನಮ್ಮ ಮಾವನವರಿಗೆ ಬಹಳ. ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಅವರದು ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ಅಲ್ಲಿಗೆ ಯಾರೇ ಬಂದರೂ ಚಹಾ ಮುಗಿಯುವುದರೊಳಗೆ ನನ್ನ ಓದಿನ ಮಾತು ತೆಗೆಯುತ್ತಿದ್ದರು. ಆ ಹೆಮ್ಮೆಯೇ ಒಂದು ಶ್ರಾವಣದಲ್ಲಿ ನನ್ನನ್ನು ಮಠದ ಮೈಕಿನ ಮುಂದೆ ನಿಲ್ಲಿಸಿತು.

ಆ ತಿಂಗಳೆಲ್ಲ ಮಠದಲ್ಲಿ ಪುರಾಣ ನಡೆದಿತ್ತು. ಮುಕ್ತಾಯದ ದಾಸೋಹಕ್ಕೆಂದು ಸುತ್ತಲಿನ ಹಳ್ಳಿಗಳ ಹೆಂಗಸರು ವಾರಗಟ್ಟಲೆ ಜೋಳದ ರೊಟ್ಟಿ ಬಡಿದು, ಒಣಗಿಸಿ, ಟ್ರ್ಯಾಕ್ಟರುಗಳಲ್ಲಿ ಕಳಿಸಿದ್ದರು. ಒಟ್ಟು ಎಷ್ಟು ರೊಟ್ಟಿ ಬಂದವು ಎಂದು ಕೊನೆಯ ದಿನ ಮೈಕಿನಲ್ಲಿ ಹೇಳುವುದು ನಮ್ಮಲ್ಲಿ ವಾಡಿಕೆ. ಮಾವನವರು ಕಮಿಟಿಯಲ್ಲಿದ್ದರು. "ಈ ಸಲ ನಮ್ಮ ಸೊಸಿ ಓದ್ಲಿ ಬಿಡ್ರೀ. ಬಿ.ಎ. ಮಾಡ್ಯಾಳ," ಅಂದರು.

ಎಣಿಸಿದವರು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ನಡುವೆ ಗೆರೆಯಿಲ್ಲದೆ, ಚುಕ್ಕೆಯಿಲ್ಲದೆ ಒಂದೇ ಸಂಖ್ಯೆ ಇತ್ತು: 104060.

ಯಾರಿಗೂ ಗೊತ್ತಿಲ್ಲದ ಒಂದು ಮಾತು ನನ್ನಲ್ಲಿತ್ತು: ಸಾವಿರ ದಾಟಿದ ಸಂಖ್ಯೆ ನನಗೆ ಓದಲು ಬರುತ್ತಿರಲಿಲ್ಲ. ಮಸ್ಕಿಯಲ್ಲಿ ನಾಲ್ಕನೇ ಇಯತ್ತೆ ಓದುವಾಗ ನನಗೆ ಕಾಮಾಲೆಯಾಗಿ ಬಹಳ ದಿನ ಶಾಲೆ ತಪ್ಪಿತು. ತಿರುಗಿ ಹೋದಾಗ ಉಳಿದವರು ಲಕ್ಷ, ಹತ್ತು ಲಕ್ಷ ಅಂತ ಗಿಳಿಗಳ ಹಾಗೆ ಓದುತ್ತಿದ್ದರು. ಕೇಳಲು ನಾಚಿಕೆಯಾಯಿತು. ಆ ವರ್ಷ ಕೇಳಲಿಲ್ಲ. ಮುಂದಿನ ವರ್ಷ ಕೇಳುವುದು ಇನ್ನೂ ನಾಚಿಕೆಯ ಮಾತಾಯಿತು. ಲೆಕ್ಕವನ್ನು ಬಾಯಿಪಾಠ ಮಾಡಿ ಹತ್ತನೆಯದನ್ನು ಹೇಗೋ ಪಾಸಾದೆ. ಮುಂದೆ ಕನ್ನಡ, ಇತಿಹಾಸ ತೆಗೆದುಕೊಂಡೆ. ಪೇಪರಿನಲ್ಲಿ ದೊಡ್ಡ ಸಂಖ್ಯೆ ಬಂದರೆ ಕಣ್ಣು ಅದನ್ನು ದಾಟಿ ಮುಂದಿನ ಪದದ ಮೇಲೆ ಹೋಗಿ ಕೂಡುತ್ತಿತ್ತು.

ಮೈಕಿನ ಮುಂದೆ ಹಾಗೆ ದಾಟಿ ಹೋಗಲು ಜಾಗವಿರಲಿಲ್ಲ. ಮೊದಲು ಹತ್ತು ಕಂಡಿತು, ಆಮೇಲೆ ನಾಲ್ಕು, ಆಮೇಲೆ ಅರವತ್ತು. "ಈ ಸಲ ಭಕ್ತರಿಂದ ಬಂದ ರೊಟ್ಟಿ ಹತ್ತು ಸಾವಿರದ ನಾಲ್ಕುನೂರಾ ಅರವತ್ತು," ಎಂದು ಗಟ್ಟಿಯಾಗಿ ಓದಿದೆ.

ಹೆಂಗಸರ ನಡುವಿನಿಂದ ಒಬ್ಬ ಮುದುಕಿ ಎದ್ದು ನಿಂತಳು. "ಏ ತಂಗಿ, ನಮ್ಮ ತುರ್ವಿಹಾಳದಿಂದನ ಹತ್ತು ಸಾವಿರ ಕಳಿಸೀವಲ್ಲವಾ! ಉಳಿದ ಊರಾಗಿನವು ಎಲ್ಲಿ ಹೋದ್ವು? ಇಲಿ ತಿಂದ್ವೇನು?"

ಸಭೆಯೆಲ್ಲ ನಕ್ಕಿತು. ಎಣಿಸಿದವರು ಓಡಿಬಂದು ಮೈಕು ತಮ್ಮ ಕಡೆ ತಿರುಗಿಸಿಕೊಂಡು, "ಒಂದು ಲಕ್ಷದ ನಾಲ್ಕು ಸಾವಿರದ ಅರವತ್ತು!" ಅಂದರು. ಚಪ್ಪಾಳೆ ಬಿತ್ತು. ನಾನು ಚೀಟಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ವೇದಿಕೆಯ ಮೇಲೆ ಕುಳಿತ ಮಾವನವರು ತಲೆ ಎತ್ತಲಿಲ್ಲ.

ನಗು ಅಲ್ಲಿಗೇ ನಿಂತಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಊಟ ಬಡಿಸುವಾಗ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. "ಬೆಂಕಿ ಮುಂದ ಕುಂತು ಬಡದು ಕೈ ರಟ್ಟಿ ಬಿದ್ದು ಹೋಗ್ಯಾವ. ಓದಿದಾಕಿ ನಮ್ಮ ರೊಟ್ಟೀನ ಲೆಕ್ಕಕ್ಕ ಇಲ್ಲದಂಗ ಮಾಡಿದ್ಲು." ಆಕೆಯ ಮಾತಿನಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಅಷ್ಟು ಜನರ ದುಡಿತವನ್ನು ನಾನು ಒಂದು ಉಸಿರಿನಲ್ಲಿ ಅಳಿಸಿಬಿಟ್ಟಿದ್ದೆ.

ಮನೆಯಲ್ಲಿ ಯಾರೂ ಬೈಯಲಿಲ್ಲ. ಮಾವನವರು ಅಂಗಡಿಗೆ ಬಂದವರಿಗೆಲ್ಲ, "ಮೈಕು ನೋಡಿ ಗಾಬರಿ ಆದ್ಲು ಪಾಪ," ಎಂದು ಹೇಳುತ್ತಿದ್ದರಂತೆ. ಆ ಸುಳ್ಳಿನ ಮರೆಯಲ್ಲಿ ನಿಲ್ಲುವುದು ನನಗೆ ಇನ್ನೂ ಕಷ್ಟವಾಯಿತು.

ದಸರೆಗೆ ಮುಂಚೆ, ಕರ್ಜಿಕಾಯಿ ಕೊಟ್ಟು ಬರುವ ನೆಪ ಮಾಡಿ ಲಿಂಗಸುಗೂರಿನ ಬಸ್ಸು ಹತ್ತಿದೆ. ನಮ್ಮಕ್ಕ ಅಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಅವಳ ಮನೆಗೆ ಬೀಗ ಹಾಕಿತ್ತು. ಕೀಲಿ ಕೇಳಲು ಶಾಲೆಗೇ ಹೋದೆ.

ಅಕ್ಕ ನಾಲ್ಕನೇ ಇಯತ್ತೆಗೆ ಪಾಠ ಮಾಡುತ್ತಿದ್ದಳು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಆರು ಮನೆ ಬರೆದಿದ್ದಳು. ಬಲಗಡೆಯಿಂದ ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ. ಒಂದೊಂದು ಮನೆಯಲ್ಲಿ ಒಂದೊಂದು ಮಗು, ಕೈಯಲ್ಲಿ ಒಂದು ಅಂಕಿ ಬರೆದ ರಟ್ಟು. ಹತ್ತು ಸಾವಿರದ ಮನೆ ಖಾಲಿ ಇತ್ತು.

"ಛಲೋ ಟೈಮಿಗೆ ಬಂದಿ ನೋಡು. ಒಬ್ಬಾಕಿ ಜ್ವರ ಅಂತ ಮನಿಗೆ ಹೋಗ್ಯಾಳ. ಬಾ, ಇಲ್ಲಿ ನಿಲ್ಲು," ಎಂದು ಅಕ್ಕ ನನ್ನ ಕೈಗೆ ರಟ್ಟು ಕೊಟ್ಟಳು. ಸೊನ್ನೆ.

"ಈ ಅಮ್ಮಾರ ಕೈಯಾಗ ಏನೈತಿ?"

"ಸೊನ್ನಿ ರೀ!"

"ಹಂಗಾರ ಇವ್ರು ಇದ್ರೇನು, ಹೋದ್ರೇನು?"

"ಹೋಗ್ಲಿ ರೀ!" ಎಂದು ಎಲ್ಲ ಕೂಗಿದವು.

ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು. ನನ್ನ ಎಡಕ್ಕೆ, ಲಕ್ಷದ ಮನೆಯಲ್ಲಿ, ಮೂರು ಹಿಡಿದು ನಿಂತ ಹುಡುಗಿಗೆ ಖಾಲಿಯಾದ ಮನೆಗೆ ಸರಿಯಲು ಹೇಳಿದಳು. ಸರಿದವಳು ಕೆಳಗೆ ಬರೆದದ್ದನ್ನು ಓದಿ, "ಟೀಚರ್ ರೀ, ನನ್ನ ಮೂರು ಲಕ್ಷ ಹೋಗಿ ಮೂವತ್ತು ಸಾವಿರ ಆತು ರೀ!" ಎಂದು ಅಳುವ ದನಿಯಲ್ಲಿ ಕೂಗಿದಳು. ಎಲ್ಲರೂ ನಕ್ಕರು. ಮಠದಲ್ಲಿ ನಾನು ಮಾಡಿದ್ದು ಇದನ್ನೇ. ನಾಲ್ಕು, ಆರರ ನಡುವಿನ ಸೊನ್ನೆ ನೂರರ ಖಾಲಿ ಮನೆಯನ್ನು ಹಿಡಿದು ನಿಂತಿತ್ತು. ಏನೂ ಅಲ್ಲ ಎಂದು ನಾನು ಅದನ್ನು ನುಂಗಿದ್ದೆ.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ಕುಳಿತು ಹೇಳಿದೆ. "ಅಕ್ಕಾ, ಸಾವಿರದ ಮ್ಯಾಲಿಂದು ನನಗ ಓದಾಕ ಬರಂಗಿಲ್ಲ."

ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಒಂದ ತಾಟಿನ್ಯಾಗ ಉಂಡೀವಿ, ಒಂದ ದೀಪದ ಮುಂದ ಓದೀವಿ. ನನಗರ ಹೇಳಬಾರದೇನಲೇ?"

"ನೀ ನಗತಿ ಅಂತ ಹೇಳಲಿಲ್ಲ."

ಅವಳು ಒಲೆಯ ಮೇಲಿನ ಸಾರು ಇಳಿಸಿದಳು. ಆಮೇಲೆ ಒಂದು ಹಾಳೆ ತಂದು ಪಕ್ಕದಲ್ಲಿ ಕುಳಿತಳು. ಬಲಗಡೆಯಿಂದ ಮೊದಲು ಮೂರು ಅಂಕಿ ಬಿಟ್ಟು ಒಂದು ಗೆರೆ, ಆಮೇಲೆ ಎರಡೆರಡಕ್ಕೆ ಒಂದು ಗೆರೆ. ಗೆರೆ ಹಾಕಿ ಓದಿದೆ, ತಪ್ಪಿದೆ, ಮತ್ತೆ ಓದಿದೆ. ಕಲಿಯಲು ಒಂದು ಸಂಜೆ ಸಾಕಾಯಿತು. ಅಷ್ಟು ಸಣ್ಣ ಮಾತಿಗೆ ಅಷ್ಟು ವರ್ಷ ಅಡಗಿಕೊಂಡಿದ್ದೆನಲ್ಲ ಎಂಬುದೇ ಆ ರಾತ್ರಿಯ ಹೊಸ ನಾಚಿಕೆಯಾಯಿತು.

ಸಿಂಧನೂರಿಗೆ ಬಂದವಳೇ ಮಾವನವರಿಗೆ ನಿಜ ಹೇಳಿದೆ. "ಗಾಬರಿ ಆಗಿದ್ದಿಲ್ಲ ಮಾವಾರ. ನನಗ ಓದಾಕ ಬಂದಿದ್ದಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಬರತೈತಾ?"

"ಬರತೈತ್ರೀ."

"ಆತು ಬಿಡವಾ," ಅಂದರು. ಆಮೇಲೆ ಅಂಗಡಿಯಲ್ಲಿ ಅವರು ನನ್ನ ಬಿ.ಎ. ಮಾತು ತೆಗೆದದ್ದನ್ನು ನಾನು ಕೇಳಿಲ್ಲ.

ಕೆಲವು ದಿನಗಳ ಮೇಲೆ ನನ್ನ ಮಗಳು ಗಣಿತದ ಪುಸ್ತಕ ಹಿಡಿದು ಪಡಸಾಲೆಗೆ ಬಂದಳು. ಅವಳೂ ಆಗ ನಾಲ್ಕನೇ ಇಯತ್ತೆ. ನನ್ನನ್ನು ದಾಟಿ ನೆಟ್ಟಗೆ ಅವರಪ್ಪನ ಕಡೆ ನಡೆದಳು. ಯಾವಾಗಲೂ ಹಾಗೇ ಹೋಗುತ್ತಿದ್ದಳು. ನಾನು ಅದನ್ನು ಅಂದೇ ಗಮನಿಸಿದ್ದು.

"ಇಲ್ಲಿ ತಾ, ನಾ ಹೇಳಿಕೊಡ್ತೀನಿ," ಅಂದೆ.

ಅವಳು ನಿಂತು ನೋಡಿದಳು. "ನಿನಗ ಲೆಕ್ಕ ಬರತೈತೇನು ಅವ್ವಾ?"

ಕೇಳಿದ್ದರಲ್ಲಿ ಕುಹಕವಿರಲಿಲ್ಲ, ಬರೀ ಅಚ್ಚರಿ. ಚಾಪೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿದೆ. ಅವಳು ಅನುಮಾನದಿಂದಲೇ ಬಂದು ಕುಳಿತಳು.