ಸೀಸೆಯೊಳಗಿನ ಒಳಸಮುದ್ರ

೨೦೦೬ರಲ್ಲಿ ನಾನು ಜತ್ತ ತಾಲ್ಲೂಕಿನ ಉಮದಿಯ ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಸಮುದ್ರವನ್ನು ನಾನೂ ಕಂಡವಳಲ್ಲ. ಆದರೂ ತಾಲ್ಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಹತ್ತನೆಯ ತರಗತಿಯ ಶಾಹೀನ ಸಮುದ್ರವನ್ನೇ ಆರಿಸಿಕೊಂಡಳು. ಬಳೆ ಮಾರುವ ಅವಳ ಅಪ್ಪ ಹಸನಸಾಬರು ಮೊದಲೇ ಹೇಳಿಬಿಟ್ಟಿದ್ದರು: "ಪ್ರದರ್ಶನದಾಗ ನಂಬರ ಬಂದ್ರ ಜತ್ತಿಗೆ ಕಾಲೇಜಿಗೆ ಹಾಕತೀನ್ರಿ ಅಕ್ಕೋರ. ಇಲ್ಲಂದ್ರ ಹತ್ತಕ್ಕ ಸಾಕು."

ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿದಷ್ಟೂ ಸಮುದ್ರದ ನೀರಿನ ಆಮ್ಲತೆ ಏರುತ್ತದೆ, ಚಿಪ್ಪಿನ ಜೀವಿಗಳಿಗೆ ಚಿಪ್ಪು ಕಟ್ಟುವುದು ಕಷ್ಟವಾಗುತ್ತದೆ. ನೆಲ ಸುತ್ತುವರಿದ ಒಳಸಮುದ್ರದಲ್ಲಿ ನೀರು ಬೇಗ ಬದಲಾಗುವುದಿಲ್ಲ. ಊರುಗಳ ಕೊಳಚೆ ಅಲ್ಲೇ ಕೊಳೆತು ಇನ್ನಷ್ಟು ಗ್ಯಾಸ್ ಬಿಡುತ್ತದೆ. "ಕದಾ ಹಾಕಿದ ಅಡಗಿಮನ್ಯಾಗ ಹೊಗಿ ತುಂಬಿದಂಗರಿ," ಎಂದು ಶಾಹೀನ ಮುಗಿಸಿಬಿಡುತ್ತಿದ್ದಳು. ಗ್ಯಾರೇಜಿನಿಂದ ತಂದ, ಬ್ಯಾಟರಿಗೆ ಹಾಕುವ ಶುದ್ಧ ಬಟ್ಟಿ ಇಳಿಸಿದ ನೀರನ್ನು ಸೀಸೆಗೆ ಹಾಕಿ, ಕೊಳವೆಯಿಂದ ಉಸಿರು ಊದಿದರೆ ನೀಲಿ ಲಿಟ್ಮಸ್ ಕಾಗದ ಕೆಂಪಾಗಬೇಕು. ಶಾಲೆಯಲ್ಲಿ ಪ್ರತಿ ಸಲವೂ ಆಗಿತ್ತು.

ಜತ್ತದ ಪ್ರದರ್ಶನದಲ್ಲಿ ಆಗಲಿಲ್ಲ. ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ಊದಿದಳು, ಕಾಗದ ನೀಲಿಯಾಗಿಯೇ ಉಳಿಯಿತು. "ನಿನ್ನ ಸಮುದ್ರ ಹುಳಿ ಆಗವಲ್ದಲ್ಲವ್ವಾ," ಎಂದು ನಕ್ಕು ಪರೀಕ್ಷಕರು ಮುಂದಿನ ಮೇಜಿಗೆ ಹೋದರು.

ಸೀಸೆಯ ಬಾಯೊಳಗೆ ಬೆರಳಾಡಿಸಿದೆ. ಬೆಳ್ಳಗೆ ಹತ್ತಿಕೊಂಡಿತು.

"ಸುಣ್ಣ ಯಾರು ಹಚ್ಚ್ಯಾರ?"

"ಅಮ್ಮಿರಿ. ನಜರ್ ಬೀಳಬಾರ್ದಂತ ಮುಂಜಾನಿ ಎಲಿಡಬ್ಬಿದ ಸುಣ್ಣ ಹಚ್ಚ್ಯಾಳ."

ದೃಷ್ಟಿ ತಾಕದಿರಲೆಂದು ಸೀಸೆಯ ಬಾಯಿಗೆ ಹಚ್ಚಿದ ಆ ಸುಣ್ಣ ನೀರು ಹಾಕುವಾಗ ಒಳಗಿಳಿದಿತ್ತು. ಆಮ್ಲವನ್ನು ಸುಣ್ಣ ಕೊಲ್ಲುತ್ತದೆ, ಅಷ್ಟೇ ಕಥೆ. ಪರೀಕ್ಷಕರ ಬೆನ್ನು ಹತ್ತಿ ಹೇಳಿದೆ, ಜಗಳವನ್ನೂ ಆಡಿದೆ. "ಕಂಡದ್ದಕ್ಕ ಮಾರ್ಕ್ಸ್ ಕೊಡೂದ್ರಿ ಅಕ್ಕೋರ," ಎಂದರು. ವಾಪಸ್ ಬಸ್ಸಿನಲ್ಲಿ ನನಗೆ ಸಿಟ್ಟೂ ಉಳಿದಿರಲಿಲ್ಲ, ದುಃಖವೂ ಹುಟ್ಟಲಿಲ್ಲ. ಶಾಹೀನ ಸೀಸೆಯನ್ನು ದುಪಟ್ಟಾದ ತುದಿಯಿಂದ ಒರೆಸುತ್ತ ಕೂತಿದ್ದಳು.

ಶಾಹೀನಳ ಮನೆಯಲ್ಲಿ, ಹುಡುಗಿಯನ್ನು ಕಾಲೇಜಿಗೆ ಹಾಕಿ ಎಂದು ಹಸನಸಾಬರಿಗೆ ಎಷ್ಟು ಹೇಳಿದರೂ ಅಷ್ಟೇ. "ಮಾತಂದ್ರ ಮಾತರಿ," ಎಂದು ಬಳೆಯ ಗಂಟು ಎತ್ತಿಕೊಂಡು ಹೊರಟುಹೋದರು. ಚಹಾ ತಂದ ತಾಯಿ ನನ್ನೆದುರು ಕುಳಿತು ಕೇಳಿದಳು:

"ನಾ ಸುಣ್ಣ ಹಚ್ಚೇ ಕಳಿಸಿದ್ನಲ್ಲರಿ ಅಕ್ಕೋರ. ಆದ್ರೂ ಯಾರ ನಜರ್ ಬಿತ್ತರಿ?"

ಅವಳ ಬೆನ್ನ ಹಿಂದೆ ನಿಂತ ಶಾಹೀನ ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದಳು.

ತಪ್ಪು ಎಲ್ಲಿದೆಯೆಂದು ಹುಡುಕಿ ಹೇಳುವುದೇ ವಿಜ್ಞಾನ ಎಂದು ವರ್ಷವಿಡೀ ಕಲಿಸುತ್ತಿದ್ದವಳು ನಾನು. ಹುಡುಕಿದ್ದನ್ನು ಯಾರಿಗೆ ಹೇಳಬಾರದು ಎಂಬುದನ್ನು ಆ ಹುಡುಗಿ ನನಗೆ ಕಲಿಸಿದಳು.

"ಯಾರದೋ ಬಿದ್ದದ ಬಿಡವ್ವಾ," ಎಂದು ಚಹಾ ಕುಡಿದೆ.