ಚಿನ್ನಕ್ಕ ಬೇಡವೆಂದ ಪಿಸ್ತೂಲು

ರಾಯದುರ್ಗದ ಹೊರಗೆ, ಕಲ್ಲು ತೆಗೆದು ಬಿಟ್ಟು ಈಗ ಕ್ಲಬ್ಬೊಂದರ ಶೂಟಿಂಗ್ ರೇಂಜಾಗಿರುವ ಹಳೆಯ ಕ್ವಾರಿಯಲ್ಲಿ, ಬೆಳಕು ಹರಿಯುವ ಹೊತ್ತಿಗೆ ಚಿನ್ನಕ್ಕ ಮೈದಾಹಿಟ್ಟಿನ ಅಂಟು ಕಲಸುತ್ತಿದ್ದಾರೆ. ಗುರಿ ಹಲಗೆಗಳಿಗೆ ಕಾಗದ ಅಂಟಿಸಬೇಕು. ಈ ಕಡೆಯ ಗಾಳಿ ಗೊತ್ತಲ್ಲ, ಹೆಂಚನ್ನೂ ಬಿಡುವುದಿಲ್ಲ, ಕಾಗದ ಯಾವ ಲೆಕ್ಕ. ಕಾಗದ ಹಾರಿದರೆ ಶೂಟಿಂಗ್ ಕಲಿಯಲು ಬಂದವರಿಗೆ ಸಿಟ್ಟು ಬರುವುದು ಗಾಳಿಯ ಮೇಲಲ್ಲ, ಚಿನ್ನಕ್ಕನ ಮೇಲೆ. ಹಾಗಾಗಿ ಅವರ ಅಂಟಿನಲ್ಲಿ ಯಾವಾಗಲೂ ಒಂದು ಹಿಡಿ ಹಿಟ್ಟು ಜಾಸ್ತಿಯೇ ಇರುತ್ತದೆ.

ಆಕೆಯ ಹೊಟ್ಟೆಪಾಡು ಬೇರೆ. ಊರಿನ ಒಂದು ಜೀನ್ಸ್ ಘಟಕದಲ್ಲಿ ದಿನವಿಡೀ ಪ್ಯಾಂಟಿನ ಕಾಲು ಕೂಡಿಸುತ್ತಾರೆ. ಭಾನುವಾರ, ಮತ್ತೆ ವಾರದ ನಡುವೆ ಒಂದೆರಡು ಮುಂಜಾನೆ ಈ ರೇಂಜಿನ ಕೆಲಸ. ಗುಡಿಸುವುದು, ಗುರಿ ಅಂಟಿಸುವುದು, ಗುಂಡು ಸಿಡಿದ ಮೇಲೆ ಬಿದ್ದ ಖಾಲಿ ಕೋಶ ಆರಿಸುವುದು, ಪಂಚಾಕ್ಷರಯ್ಯನವರ ಕಣ್ಣೆದುರು ಕೂತು ಪಿಸ್ತೂಲು ಒರೆಸುವುದು. ಪಂಚಾಕ್ಷರಯ್ಯ ಬಟ್ಟೆ ಅಂಗಡಿಯನ್ನು ಮಗಳಿಗೆ ಒಪ್ಪಿಸಿ ರೇಂಜು ನಡೆಸುತ್ತಿರುವವರು. ಆಯುಧದ ಬೀರುವಿನ ಕೀಲಿ ಅವರ ಸೊಂಟ ಬಿಟ್ಟು ಇಳಿಯುವುದಿಲ್ಲ. ಇಲ್ಲಿ ಕಲಿತು ಗೆದ್ದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಅಂಟು ಕಲಸಿದವರ ಫೋಟೊವನ್ನು ಯಾರೂ ಕೇಳಿಲ್ಲ. ಪೇಪರಿನವರಾದ ನಾವು ಕೇಳಿದರೆ ಚಿನ್ನಕ್ಕ ಸೆರಗು ಅಡ್ಡ ಹಿಡಿಯುತ್ತಾರೆ.

ಇವತ್ತು ಮಾತ್ರ ಅವರಿಗೆ ನಗುವ ಮನಸ್ಸಿಲ್ಲ. ಅದೇ ಘಟಕದ ಕಟಿಂಗ್ ಟೇಬಲ್ಲಿನಲ್ಲಿ ದುಡಿಯುವ ಉಷಾರಾಣಿ ಇವತ್ತು ತನ್ನದೇ ಪಿಸ್ತೂಲು ಆರಿಸಬೇಕು. ಆಕೆಯನ್ನು ಈ ಆಟಕ್ಕೆ ಎಳೆದು ತಂದವರೇ ಚಿನ್ನಕ್ಕ. ಇಷ್ಟು ದಿನ ಕ್ಲಬ್ಬಿನ ಪಿಸ್ತೂಲು, ಸರದಿಗೆ ಕಾಯುವ ಪಾಡು. ಪೊಲೀಸ್ ವಿಚಾರಣೆ, ಕಲೆಕ್ಟರ್ ಕಚೇರಿ ಎಲ್ಲ ಸುತ್ತಿ ಈಗ ಲೈಸೆನ್ಸ್ ಬಂದಿದೆ. ಒಂದು ಸಲ ಅದರಲ್ಲಿ ಆಯುಧದ ನಂಬರು ಏರಿತೆಂದರೆ, ಸೀರೆ ಹಿಡಿಸಲಿಲ್ಲ ಎಂದು ಅಂಗಡಿಗೆ ವಾಪಸ್ ಕೊಟ್ಟಂತೆ ಕೊಡಲಾಗದು. ದುಡಿದು ಕೂಡಿಟ್ಟದ್ದೆಲ್ಲ ಈ ಒಂದು ಆಯ್ಕೆಗೇ ಹೋಗುತ್ತದೆ. ಎಡವಿದರೆ ಸ್ಪರ್ಧೆಯ ಆಸೆಯನ್ನು ಅಲ್ಲಿಗೇ ಮಡಿಸಿಡಬೇಕು.

ಮೇಜಿನ ಮೇಲೆ ಎರಡು ಪಿಸ್ತೂಲುಗಳಿವೆ. ಎರಡೂ ಶೂಟಿಂಗ್ ಮಂದಿ ‘ಪಾಯಿಂಟ್ ಟೂಟೂ’ ಎನ್ನುವ ಜಾತಿಯವು. ಗುಂಡು ಸಣ್ಣದು, ಅದರ ತಳದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ, ಕೈಗೆ ಒದೆತ ಕಡಿಮೆ, ಗುಂಡಿನ ಖರ್ಚೂ ಕಡಿಮೆ. ಹೊಸಬರಿಗೆ ಹೇಳಿ ಮಾಡಿಸಿದ್ದು. ಒಂದು ಅನಂತಪುರದ ಆಯುಧದ ಅಂಗಡಿಯವರು ತೋರಿಸಲು ತಂದ ಹೊಸದು, ಹಗುರ, ಬೆಳ್ಳಗೆ ಮಿಂಚುತ್ತದೆ. ಇನ್ನೊಂದು ಪಂಚಾಕ್ಷರಯ್ಯನವರ ಸ್ವಂತದ್ದು, ಕಪ್ಪಗೆ, ಉದ್ದ ಮೂತಿಯದು, ಭಾರ. ಅವರ ಬೆರಳು ಈಗ ನಡುಗುತ್ತವೆ, ಅದಕ್ಕೇ ಕೊಡುತ್ತಿದ್ದಾರೆ. ಬೆಲೆಯೂ ಉಷಾರಾಣಿಯ ಕೈಗೆ ಎಟಕುವಂಥದ್ದು. ಹೊಸದಕ್ಕಾದರೆ ಅಣ್ಣನ ಮುಂದೆ ಕೈಚಾಚಬೇಕು.

ಆದರೂ ಚಿನ್ನಕ್ಕ ವಾರದಿಂದ ಒಂದೇ ಪಟ್ಟು ಹಿಡಿದಿದ್ದಾರೆ. “ಹೊಸಾದು ತಗೋ ತಾಯಿ. ಹಳೇದು ಬ್ಯಾಡ.” ಯಾಕೆ ಎಂದರೆ ಮಾತು ಹಾರಿಸುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಕಪ್ಪು ಪಿಸ್ತೂಲಿನ ಮಾತೆತ್ತಿದರೆ ಅವರ ಮುಖ ಸಪ್ಪಗಾಗುತ್ತದೆ. ಚಹಾ ಕುಡಿಯುತ್ತಾ ಕಡೆಗೂ ಅವರೇ ಬಾಯಿ ಬಿಡುತ್ತಾರೆ.

“ಅದನ್ನ ಕೆಡಿಸಿದಾಕಿ ನಾನs ರಿ,” ಎನ್ನುತ್ತಾರೆ.

ಜೀನ್ಸ್ ಹೊಲಿಯುವವರಿಗೆ ಒಂದು ರೂಢಿ ಇದೆ. ಬೆಳಗ್ಗೆ ಬಟ್ಟೆ ಇಡುವ ಮುಂಚೆ ಮಷೀನನ್ನು ಖಾಲಿ ಓಡಿಸಿ ಸದ್ದು ಕೇಳುವುದು. ಸದ್ದು ಸರಿಯಿದ್ದರೆ ಮಷೀನು ಸರಿ. ದಪ್ಪ ಬಟ್ಟೆಯಲ್ಲಿ ಸೂಜಿ ಮುರಿದು ಕಣ್ಣಿಗೆ ಹಾರುವುದಕ್ಕಿಂತ ಅದು ಮೇಲು. ಚಿನ್ನಕ್ಕ ಪಿಸ್ತೂಲಿಗೂ ಅದೇ ಮರ್ಯಾದೆ ಕೊಟ್ಟರು. ಒರೆಸಿ ಆದ ಮೇಲೆ ಖಾಲಿ ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್, ಎಳೆದು ಟಕ್ ಟಕ್ ಎನಿಸುವುದು, ಕಿವಿಗೊಟ್ಟು ಕೇಳುವುದು. ಅಯ್ಯನವರು ಎದುರಿಗೇ ಇರುತ್ತಿದ್ದರು, ಆದರೆ ಪೇಪರ್ ಓದುತ್ತಾ. ಈ ಜಾತಿಯ ಪಿಸ್ತೂಲಿಗೆ ಗುಂಡಿಲ್ಲದೆ ಕುದುರೆ ಎಳೆದರೆ ಒಳಗಿನ ಮೊಳೆ ನೇರ ಗುಂಡು ಕೂರುವ ಗೂಡಿನ ಉಕ್ಕಿನ ಅಂಚಿಗೆ ಬಡಿಯುತ್ತದೆ. ತಿಂಗಳುಗಟ್ಟಲೆ ಬಡಿದು ಬಡಿದು ಅಂಚು ತಗ್ಗಾಯಿತು. ಗುಂಡು ಒಳಗೆ ಹೋಗದೆ ಸಿಕ್ಕಿಹಾಕಿಕೊಳ್ಳತೊಡಗಿತು.

“ಬಿಡಿಸಿ ನೋಡ್ತಾರ, ಒಳಗ ತಗ್ಗು ಬಿದ್ದೈತಿ. ಯಾಕ ಹಿಂಗಾತು ಅಂತ ಎಲ್ಲಾರೂ ತೆಲಿ ಕೆರಕೊಂಡ್ರು. ನಾನs ಅಯ್ಯಾರ ಮುಂದ ನಿಂತು, ದಿನಾ ಹಿಂಗ ಮಾಡ್ತಿದ್ನ್ರಿ ಅಂತ ಎಳೆದು ತೋರಿಸಿದೆ. ತೋರಿಸೋವಾಗ್ಲೂ ಮತ್ತೊಂದ್ಸಲ ಬಡಿದೆ ನೋಡ್ರಿ.” ಹೇಳುತ್ತಾ ಈಗ ಅವರಿಗೇ ನಗು ಬರುತ್ತದೆ. ಆಗ ನಕ್ಕಿರಲಿಲ್ಲ, ಬೆಳಗ್ಗೆಯ ಕೆಲಸ ಹೋಯಿತೆಂದೇ ಮನೆಗೆ ನಡೆದಿದ್ದರಂತೆ.

ಕೆಲಸ ಹೋಗಲಿಲ್ಲ. “ಹೇಳಿಕೊಡದs ಬೈಯೋದು ಹೆಂಗ್ರಿ?” ಎನ್ನುತ್ತಾರೆ ಪಂಚಾಕ್ಷರಯ್ಯ. ಪಿಸ್ತೂಲು ಹೈದರಾಬಾದಿನ ಲೈಸೆನ್ಸುದಾರ ರಿಪೇರಿಯವರ ಬಳಿಗೆ ಹೋಗಿ, ಅಂಚು ಸರಿಯಾಗಿ ಬಂತು. ಅಂದಿನಿಂದ ಖಾಲಿ ಎಳೆದು ಅಭ್ಯಾಸ ಮಾಡುವವರಿಗೆ ಚಿನ್ನಕ್ಕ ಮೊದಲು ಗೋಡೆಗೆ ತಿರುಪು ಹಾಕುವಾಗ ಬಳಸುವ ಪ್ಲಾಸ್ಟಿಕ್ ತುಂಡೊಂದನ್ನು ಕೊಡುತ್ತಾರೆ. ಅದನ್ನು ಗುಂಡಿನ ಜಾಗದಲ್ಲಿ ಇಟ್ಟರೆ ಮೊಳೆ ಉಕ್ಕಿಗೆ ಬಡಿಯುವುದಿಲ್ಲ.

ಚಿನ್ನಕ್ಕನ ತವರು ಭೈರವಾನಿತಿಪ್ಪ ಡ್ಯಾಮಿನ ಆಚೆ, ಕುರಿ ಸಾಕುವ ಮನೆ. ಮದುವೆಯಾದ ಮೇಲೆ ಗಂಡನ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಒಂದು ಕೋಣೆ, ನಲ್ಲಿಗೆ ಸಾಲು, ನೀರು ಕುಡಿಯಲು ಎದ್ದರೂ ಸೂಪರ್‌ವೈಸರ್ ಗಡಿಯಾರ ನೋಡುವ ಕಾಲ. ರಾಯದುರ್ಗದಲ್ಲಿ ಜೀನ್ಸ್ ಘಟಕಗಳು ಹೆಚ್ಚಿದಾಗ ಇಬ್ಬರೂ ಹಿಂದಿರುಗಿದರು. “ಅಲ್ಲಿ ಅಂಗಿ ತೋಳು ಹೊಲಿದೆ, ಇಲ್ಲಿ ಪ್ಯಾಂಟಿನ ಕಾಲು ಹೊಲಿತೀನಿ. ಇಡೀ ಮನುಷ್ಯಾನ್ನ ಎಲ್ಲೂ ಹೊಲಿದಿಲ್ಲ,” ಎನ್ನುತ್ತಾರೆ. ದೂರು ಅಂದುಕೊಂಡರೆ ತಪ್ಪು. ಮನೆಗೆ ನಡೆದುಕೊಂಡು ಹೋಗಿ ಮಧ್ಯಾಹ್ನದ ಬಿಸಿ ಊಟ ಉಣ್ಣುವ ಸುಖ ಅವರಿಗೆ ಇನ್ನೂ ಹಳತಾಗಿಲ್ಲ.

ಹೊಸಬರಿಗೆ ಪಿಸ್ತೂಲು ನೋಡುವಾಗ ಚಿನ್ನಕ್ಕನದೊಂದು ಪದ್ಧತಿ ಇದೆ. ರಾತ್ರಿ ಉಳಿದ ರಾಗಿಮುದ್ದೆಯ ತುಂಡೊಂದನ್ನು ತಂದು ಅವರ ಕೈಗಿಟ್ಟು, ಪಿಸ್ತೂಲಿನ ಹಿಡಿಯಂತೆ ಒತ್ತಿ ಹಿಡಿಯಿರಿ ಎನ್ನುತ್ತಾರೆ. ಯಾವ ಬೆರಳಿನ ಗುಳಿ ಆಳ, ಅಂಗೈ ಎಲ್ಲಿ ಖಾಲಿ ಎಂದು ನೋಡುತ್ತಾರೆ. “ಕಣ್ಣಿಗಿಂತ ಮೊದ್ಲು ಕೈಗೆ ಒಪ್ಪಬೇಕ್ರಿ. ಗುರಿ ನೋಡೋ ಹಿಂದಿನ ಕಚ್ಚು ತಿರುಪಿನಾಗ ಸರಿಸೋಹಂಗ ಇರಬೇಕು. ಬಿಡಿಭಾಗ ಸಿಗೋಹಂಗ ಇರಬೇಕು. ಮಿಂಚೋದು ಎದಕ್ಕ, ಗುರಿ ಕಾಗದೇನು ಕನ್ನಡೀನಾ?”

ಇಷ್ಟು ಹೇಳುವವರು ಉಷಾರಾಣಿಗೆ ಮಿಂಚುವುದನ್ನೇ ತಗೋ ಎನ್ನುತ್ತಿದ್ದಾರೆ. ಅದರ ಹಿಂದಿನ ಕಚ್ಚು ಸರಿಸಲು ಬಾರದಂತೆ ಕೂತಿರುವಂಥದ್ದು. ಹುಡುಗಿಯ ಮುದ್ದೆಯ ತುಂಡಿನಲ್ಲಿ ಉದ್ದ ಬೆರಳು, ಅಗಲ ಅಂಗೈ ಎದ್ದು ಕಾಣುತ್ತಿವೆ. ಹೊಸದರ ಹಿಡಿಯಲ್ಲಿ ಅವಳ ಕಿರುಬೆರಳಿಗೆ ಜಾಗವೇ ಇಲ್ಲ. ಪಂಚಾಕ್ಷರಯ್ಯ ಎಲ್ಲವನ್ನೂ ನೋಡುತ್ತಾ ಗುಂಡಿನ ಡಬ್ಬಿ ತೆಗೆದಿಡುತ್ತಾರೆ. ತಮ್ಮ ಮಾಲು ತಾವೇ ಹೊಗಳುವವರಲ್ಲ.

ಉಷಾರಾಣಿ ಮೊದಲು ಹೊಸದರಲ್ಲಿ ಹೊಡೆಯುತ್ತಾಳೆ. ಪಿಸ್ತೂಲು ಹಗುರವಾದ್ದರಿಂದ ಉಸಿರಾಡಿದರೂ ಮೂತಿ ಅಲುಗುತ್ತದೆ. ಕಾಗದದ ಮೇಲೆ ತೂತುಗಳು ಚೆಲ್ಲಾಡಿ ಬೀಳುತ್ತವೆ. “ಅಲವಾಟಯಿತೇ ಸರಿಪೋತುಂದಮ್ಮಾ,” ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ, ರೂಢಿಯಾದರೆ ಸರಿಹೋಗುತ್ತದೆ ಎಂದು. ಆಮೇಲೆ ಕಪ್ಪು ಪಿಸ್ತೂಲು. ಅಷ್ಟೆತ್ತರ ಪೇರಿಸಿದ ಡೆನಿಮ್ ಬಟ್ಟೆಯ ಮೇಲೆ ಚಾಕ್ ಗೆರೆ ತಪ್ಪದಂತೆ ಕಟಿಂಗ್ ಮಷೀನು ನಡೆಸುವ ಕೈ ಅದು. ಭಾರ ಅದಕ್ಕೆ ಹೊಸದಲ್ಲ. ಕೈ ಚಾಚುತ್ತಾಳೆ, ಮೂತಿ ನಿಂತಲ್ಲೇ ನಿಲ್ಲುತ್ತದೆ.

ಚಿನ್ನಕ್ಕ ಗುರಿಯ ಕಡೆ ನೋಡುವುದೇ ಇಲ್ಲ. ಅವರ ಕಿವಿ ಪಿಸ್ತೂಲಿನ ಮೇಲಿದೆ. ಈಗ ಸಿಕ್ಕಿಕೊಳ್ಳುತ್ತದೆ, ಈಗ ಸಿಕ್ಕಿಕೊಳ್ಳುತ್ತದೆ ಎಂದು ಪ್ರತಿ ಗುಂಡಿಗೂ ಸೆರಗು ಹಿಂಡುತ್ತಿದ್ದಾರೆ. ಗುಂಡಿನ ಡಬ್ಬಿ ಖಾಲಿಯಾಗುವವರೆಗೂ ಒಂದೇ ಒಂದು ಗುಂಡು ಸಿಕ್ಕಿಕೊಳ್ಳುವುದಿಲ್ಲ. ಪಂಚಾಕ್ಷರಯ್ಯ ಪಿಸ್ತೂಲು ಖಾಲಿಯೆಂದು ನೋಡಿ ಕೆಳಗಿಡಿಸಿದ ಮೇಲೆ ಚಿನ್ನಕ್ಕ ಕೂತು ಖಾಲಿ ಕೋಶಗಳನ್ನು ಆರಿಸುತ್ತಾರೆ. ಒಂದೊಂದನ್ನೂ ಬೆಳಕಿಗೆ ಹಿಡಿದು ಅಂಚಿಗೆ ಪೆಟ್ಟು ಎಲ್ಲಿ ಬಿದ್ದಿದೆ ಎಂದು ನೋಡುತ್ತಾರೆ. ಎಲ್ಲವೂ ಒಂದೇ ಜಾಗದಲ್ಲಿ, ಒಂದೇ ಆಳಕ್ಕೆ.

“ಅಕ್ಕಾ, ನಂಗ ಇದs ಇರ್ಲಿ,” ಎನ್ನುತ್ತಾಳೆ ಉಷಾರಾಣಿ. “ನೀ ಎಷ್ಟ್ ಬ್ಯಾಡ ಅಂದ್ರೂ ಕೈ ಕೇಳವಲ್ದು.”

ಚಿನ್ನಕ್ಕ ಕೈಯಲ್ಲಿದ್ದ ಕೋಶಗಳನ್ನು ಡಬ್ಬಿಗೆ ಸುರಿಯುತ್ತಾರೆ. ಆಮೇಲೆ, “ನಿನ್ನ ಕೈ ಹೇಳಿದ್ದು ಖರೆ. ನಂದು ಬರೇ ಅಂಜಿಕಿ,” ಎನ್ನುತ್ತಾರೆ. ಕಣ್ಣು ಒದ್ದೆಯಾಗಿವೆ, ಮರೆಸುವ ಗೋಜಿಗೂ ಹೋಗುವುದಿಲ್ಲ.

ಹೊರಡುವ ಮುಂಚೆ, ಇನ್ನೇನು ಆಸೆ ಇದೆ ಎಂದು ನಮ್ಮ ಕಸುಬಿನ ಪ್ರಶ್ನೆ ಕೇಳುತ್ತೇವೆ. ಅವರು ಗುರಿ ಹಲಗೆಯಿಂದ ಕಾಗದ ಬಿಡಿಸುತ್ತಲೇ ಉತ್ತರಿಸುತ್ತಾರೆ.

“ಅದನ್ನ ಕಂಡಾಗೆಲ್ಲ, ಇದು ನಾನು ಕೆಡಿಸಿದ ಪಿಸ್ತೂಲು ಅಂತ ಮನಸಿನಾಗ ಅಂದ್ಕೊಂತಿದ್ದೆ. ಇನ್ನ ಮ್ಯಾಲೆ ಹಂಗನ್ನಂಗಿಲ್ರಿ. ಇದು ನಮ್ಮ ಉಷಾರಾಣಿ ಪಿಸ್ತೂಲು ಅಂತೀನಿ.”